ಟೊಂಕ ಒಂದು, ನೋವು ಎರಡು

ಇದು ಬನಹಟ್ಟಿಯ ಒಂದು ನೇಕಾರರ ಮನೆ ಅಂತ ತಿಳಿಯಿರಿ. ಹೆಸರು ಬೇಡ. ಇಂಥ ಮನೆ ರಬಕವಿಯಲ್ಲೂ ಇದೆ, ಜಮಖಂಡಿಯಲ್ಲೂ ಇದೆ. ಮುಧೋಳ, ಬೀಳಗಿಯ ಹಳ್ಳಿಗಳಲ್ಲೂ ಇದೆ. ನಿಮ್ಮ ಓಣಿಯಲ್ಲೂ ಇರಬಹುದು.

ಮನೆಯಲ್ಲಿ ಅತ್ತೆ ಮತ್ತು ಸೊಸೆ. ಅತ್ತೆಗೆ ಅರವತ್ತು ದಾಟಿದೆ. ಮದುವೆಯಾಗಿ ಬಂದಾಗಿನಿಂದ ನೆಲದ ಮೇಲೆ ಕೂತು ಕಂಡಿಕೆ ಸುತ್ತಿದ್ದಾಳೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದಾಳೆ. ಸುಗ್ಗಿಯಲ್ಲಿ ಬಗ್ಗಿ ಜೋಳ ಕೊಯ್ದಿದ್ದಾಳೆ. ಕೊಡ ಹೊತ್ತು ನೀರು ತಂದಿದ್ದಾಳೆ.

ಐದು ವರ್ಷದ ಹಿಂದೆ ಅವಳಿಗೆ ಬೆನ್ನಿನ ಆಪರೇಷನ್ ಆಗಿತ್ತು. ಬೆನ್ನೆಲುಬಿಗೆ ಸ್ಕ್ರೂ ಮತ್ತು ಸರಳು ಹಾಕಿದ್ದರು. ಆಮೇಲೆ ಕಾಲಿನ ಜೋಮು ಹೋಯಿತು. ಈಗ ಮತ್ತೆ ನೋವು ಶುರುವಾಗಿದೆ. ಬಲಗಾಲು ಎಳೆದು ಹಾಕಿ ನಡೆಯುತ್ತಾಳೆ. ರಾತ್ರಿ ಮಗ್ಗಲು ಬದಲಿಸಲು ಆಗುವುದಿಲ್ಲ.

"ಅತ್ತಿ, ಎಲ್ಲಿ ನೋಯ್ತದ?" ಸೊಸೆ ಕೇಳಿದಳು.

"ಟೊಂಕಾ ನೋಯ್ತದ ನೋಡವಾ. ಟೊಂಕಾ ಹಿಡಕೊಂಡೈತಿ."

ಎಕ್ಸ್-ರೇ ತೆಗೆಸಿದರು. ಬಲಗಡೆಯ ಚಪ್ಪೆಯ ಕೀಲು ಸವೆದಿದೆ, ಕೀಲು ಬದಲಿಸಬೇಕಾಗಬಹುದು ಅಂದರು. ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಸುದ್ದಿ ಓಣಿಗೆಲ್ಲ ಗೊತ್ತಾಯಿತು. ಬಾಜೂ ಮನೆಯಾಕೆ ಬಂದಳು. ಸೊಸೆಯನ್ನು ಕರೆದು ಮೆಲ್ಲಗೆ ಹೇಳಿದಳು:

"ಬೆನ್ನಿನ ಆಪರೇಷನ್ ಸುದ್ದಿ ಡಾಕ್ಟರ ಮುಂದ ತಗೀಬ್ಯಾಡ. ಗೊತ್ತಾದ್ರ ಇದನ್ನ ಮಾಡೂದಿಲ್ಲ ಅಂತಾರ. ವಾಪಸ್ ಕಳಸ್ತಾರ."

ಸೊಸೆಗೆ ಚಿಂತೆಯಾಯಿತು. ಹೇಳಬೇಕೇ? ಬಿಡಬೇಕೇ? ಬೆನ್ನಿಗೂ ಚಪ್ಪೆಗೂ ಏನು ಸಂಬಂಧ?

ಸಂಬಂಧ ಇದೆ. ಬಹಳ ಇದೆ. ಅದನ್ನು ಈಗ ತಿಳಿಯೋಣ.

ಒಂದೇ ಮಾತು, ಎರಡು ಜಾಗ

ನಾವು "ಟೊಂಕ" ಅನ್ನುತ್ತೇವೆ. ಕೆಲವರು "ಸೊಂಟ" ಅನ್ನುತ್ತಾರೆ. ಈ ಒಂದು ಮಾತಿನಲ್ಲಿ ಎರಡು ಜಾಗ ಸೇರಿವೆ.

ಒಂದು, ಬೆನ್ನೆಲುಬಿನ ಕೆಳಭಾಗ. ಬೆನ್ನೆಲುಬು ಒಂದೇ ಎಲುಬಲ್ಲ. ಅದು ಮಣಿಸರದ ಹಾಗೆ. ಕುತ್ತಿಗೆಯಲ್ಲಿ 7 ಮಣಿ, ಎದೆಯ ಹಿಂದೆ 12 ಮಣಿ, ಟೊಂಕದಲ್ಲಿ 5 ಮಣಿ. ಮಣಿಗಳ ನಡುವೆ ಮೆತ್ತನೆಯ ಗಾದಿ ಇರುತ್ತದೆ. ಅದಕ್ಕೇ ನಾವು ಬಗ್ಗುತ್ತೇವೆ, ಏಳುತ್ತೇವೆ, ತಿರುಗುತ್ತೇವೆ. ಈ ಮಣಿಗಳೊಳಗಿಂದ ಕಾಲಿಗೆ ನರ ಹೋಗುತ್ತವೆ.

ಎರಡು, ಚಪ್ಪೆಯ ಕೀಲು. ಇದು ತೊಡೆ ಮತ್ತು ಟೊಂಕ ಕೂಡುವ ಜಾಗ. ತೊಡೆ ಎಲುಬಿನ ಮೇಲ್ತುದಿ ಗುಂಡಗಿದೆ. ಟೊಂಕದ ದೊಡ್ಡ ಎಲುಬಿನಲ್ಲಿ ಒಂದು ಬಟ್ಟಲು ಇದೆ. ಆ ಗುಂಡು ಈ ಬಟ್ಟಲಲ್ಲಿ ತಿರುಗುತ್ತದೆ. ಒರಳಲ್ಲಿ ಗುಂಡು ತಿರುಗಿದ ಹಾಗೆ. ಎರಡರ ಮೇಲೂ ನುಣುಪಾದ ಪದರ ಇರುತ್ತದೆ. ಆ ಪದರ ಸವೆದರೆ ಎಲುಬಿಗೆ ಎಲುಬು ತಿಕ್ಕುತ್ತದೆ. ಆಗ ನೋವು ಬರುತ್ತದೆ.

ನೋವು ಎಲ್ಲಿಂದ ಬಂತು?

ಚಪ್ಪೆಯ ಕೀಲು ಕೆಟ್ಟರೆ ನೋವು ಹೆಚ್ಚಾಗಿ ತೊಡೆಯ ಸಂದಿಯಲ್ಲಿ ಇರುತ್ತದೆ. ತೊಡೆಯ ಮುಂಭಾಗಕ್ಕೆ ಇಳಿಯುತ್ತದೆ. ಕೆಲವರಿಗೆ ಮೊಣಕಾಲಿನಲ್ಲೇ ನೋವು ಕಾಣುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲು ಆಗುವುದಿಲ್ಲ. ಕಾಲುಂಗುರ ಸರಿಮಾಡಲು, ಉಗುರು ಕತ್ತರಿಸಲು ಕಾಲು ಹತ್ತಿರ ಬರುವುದಿಲ್ಲ. ನಡೆದರೆ ಕುಂಟು.

ಬೆನ್ನೆಲುಬು ಕೆಟ್ಟರೆ ನೋವು ಹೆಚ್ಚಾಗಿ ಹಿಂದೆ ಇರುತ್ತದೆ. ಕುಂಡಿಯಿಂದ ತೊಡೆಯ ಹಿಂಭಾಗಕ್ಕೆ ಇಳಿಯುತ್ತದೆ. ಮೊಣಕಾಲು ದಾಟಿ ಪಾದದ ತನಕ ಹೋಗಬಹುದು. ಜೋಮು ಹಿಡಿಯುತ್ತದೆ. ಇರುವೆ ಹರಿದಂತೆ ಆಗುತ್ತದೆ. ಕೆಲವರು ಸ್ವಲ್ಪ ದೂರ ನಡೆದರೆ ಕಾಲು ಸೋಲುತ್ತವೆ. ಕಟ್ಟೆ ಮೇಲೆ ಕೂತರೆ, ಮುಂದಕ್ಕೆ ಬಗ್ಗಿದರೆ ಆರಾಮ ಅನಿಸುತ್ತದೆ.

ಕೆಲವರಿಗೆ ಎರಡೂ ಇರುತ್ತವೆ. ಆಗ ಯಾವುದು ಎಲ್ಲಿಯ ನೋವು ಅಂತ ಡಾಕ್ಟರಿಗೂ ಸುಲಭಕ್ಕೆ ಗೊತ್ತಾಗುವುದಿಲ್ಲ. 1983ರಲ್ಲಿ ಇಬ್ಬರು ಡಾಕ್ಟರು ಈ ಜೋಡಿ ಕಾಯಿಲೆಯ ಬಗ್ಗೆ ಬರೆದರು. ಅದಕ್ಕೆ "ಹಿಪ್-ಸ್ಪೈನ್ ಸಿಂಡ್ರೋಮ್" ಎಂದು ಹೆಸರಿಟ್ಟರು. ಅಂದರೆ ಚಪ್ಪೆ ಮತ್ತು ಬೆನ್ನು ಕೂಡಿದ ತೊಂದರೆ.

ಇದನ್ನು ಯಾಕೆ ತಿಳಿಯಬೇಕು? ನೋವು ಬೆನ್ನಿನದಿದ್ದು ಚಪ್ಪೆಯ ಕೀಲು ಬದಲಿಸಿದರೆ ನೋವು ಹೋಗುವುದಿಲ್ಲ. ದುಡ್ಡು ಹೋಯಿತು, ನೋವು ಉಳಿಯಿತು ಅಂತ ಆಗುತ್ತದೆ. ಅದಕ್ಕೇ ಡಾಕ್ಟರು ಕಾಲು ಎತ್ತಿಸಿ, ತಿರುಗಿಸಿ ನೋಡುತ್ತಾರೆ. ಸಂಶಯ ಇದ್ದರೆ ಚಪ್ಪೆಯ ಕೀಲಿಗೆ ಜೋಮು ಹಿಡಿಸುವ ಸೂಜಿ ಮಾಡುತ್ತಾರೆ. ಆಗ ನೋವು ನಿಂತರೆ, ಅದು ಕೀಲಿನದೇ ನೋವು. ನಿಲ್ಲದಿದ್ದರೆ ಬೆನ್ನನ್ನು ನೋಡಬೇಕು.

ನೀವು "ಟೊಂಕ ನೋಯ್ತದ" ಅಂತಷ್ಟೇ ಹೇಳಬೇಡಿ. ನೋವಿನ ಜಾಗಕ್ಕೆ ಬೆರಳಿಟ್ಟು ತೋರಿಸಿ. ನಾಚಿಕೆ ಬೇಡ.

ಕೀಲು ಬದಲಿಸುವುದು ಅಂದರೇನು?

ಸವೆದ ಗುಂಡನ್ನು ತೆಗೆದು ಲೋಹದ ಅಥವಾ ಪಿಂಗಾಣಿಯಂಥ ಗುಂಡು ಹಾಕುತ್ತಾರೆ. ಅದರ ಕಾಂಡವನ್ನು ತೊಡೆ ಎಲುಬಿನೊಳಗೆ ಕೂಡಿಸುತ್ತಾರೆ. ಸವೆದ ಬಟ್ಟಲನ್ನು ಕೆತ್ತಿ ಹೊಸ ಬಟ್ಟಲು ಕೂಡಿಸುತ್ತಾರೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಡಾಕ್ಟರು 1962ರಲ್ಲಿ ಉಕ್ಕಿನ ಗುಂಡು ಮತ್ತು ಗಟ್ಟಿ ಪ್ಲಾಸ್ಟಿಕ್ ಬಟ್ಟಲು ಹಾಕಿ ಇದನ್ನು ಮಾಡಿದರು. ಆಮೇಲೆ ಇದು ಲೋಕದ ತುಂಬ ಹರಡಿತು.

ಇದು ಒಳ್ಳೆಯ ಆಪರೇಷನ್. ಹಾಸಿಗೆ ಹಿಡಿದವರು ಎದ್ದು ನಡೆದಿದ್ದಾರೆ. ಹೊಸ ಕೀಲು ಸಾಮಾನ್ಯವಾಗಿ 15ರಿಂದ 20 ವರ್ಷ ಬಾಳುತ್ತದೆ. ಹೆಚ್ಚೂ ಬಾಳಬಹುದು. ಆದರೆ ಹೊಸ ಗುಂಡು ಸಾಮಾನ್ಯವಾಗಿ ಹುಟ್ಟಿದ ಗುಂಡಿಗಿಂತ ಸಣ್ಣದು. ಅದು ಬಟ್ಟಲಿನಿಂದ ಜಾರಬಹುದು. ಬೆನ್ನಿನ ಮಾತು ಬರುವುದು ಇಲ್ಲೇ.

ಕೈ ಇಟ್ಟು ನೋಡಿ

ಈಗ ಪುಸ್ತಕ ಪಕ್ಕಕ್ಕಿಡಿ. ಎದ್ದು ನಿಲ್ಲಿ. ಎರಡೂ ಕೈಯನ್ನು ಟೊಂಕದ ಎರಡೂ ಬದಿಯ ಎಲುಬಿನ ಮೇಲೆ ಇಡಿ. ಮೆಲ್ಲಗೆ ಕುರ್ಚಿಯ ಮೇಲೆ ಕೂಡಿ.

ಏನಾಯಿತು? ಕೈ ಕೆಳಗಿನ ಎಲುಬು ಹಿಂದಕ್ಕೆ ಹೊರಳಿತು.

ನಿಂತಾಗ ನಮ್ಮ ಟೊಂಕ ಒಳಗೆ ಬಾಗಿರುತ್ತದೆ. ಕೂತಾಗ ಆ ಬಾಗು ನೇರವಾಗುತ್ತದೆ. ಟೊಂಕದ ಎಲುಬು ಸುಮಾರು 20 ಡಿಗ್ರಿ ಹಿಂದಕ್ಕೆ ಹೊರಳುತ್ತದೆ. ಅದರ ಜೊತೆ ಬಟ್ಟಲೂ ಹೊರಳುತ್ತದೆ. ಬಟ್ಟಲಿನ ಬಾಯಿ ಮುಂದಕ್ಕೆ ತೆರೆಯುತ್ತದೆ. ಆಗ ತೊಡೆ ಮೇಲೆ ಬರಲು ಜಾಗ ಸಿಗುತ್ತದೆ.

ಅಂದರೆ, ನಾವು ಕೂರುವಾಗ ಚಪ್ಪೆ ಒಂದೇ ಮಡಿಚುವುದಿಲ್ಲ. ಬೆನ್ನೂ ಕೂಡ ಕೈ ಹಚ್ಚುತ್ತದೆ. ಅತ್ತೆ-ಸೊಸೆ ಕೂಡಿ ಹೊರೆ ಎತ್ತಿದ ಹಾಗೆ. ಒಬ್ಬಳು ಕೈ ಬಿಟ್ಟರೆ ಇನ್ನೊಬ್ಬಳ ಮೇಲೆ ಪೂರಾ ಭಾರ ಬೀಳುತ್ತದೆ.

ಬೆನ್ನು ಬಿಗಿಯಾದರೆ?

ಬೆನ್ನಿಗೆ ಸ್ಕ್ರೂ ಹಾಕಿ ಮಣಿಗಳನ್ನು ಕೂಡಿಸಿದರೆ ಆ ಜಾಗ ಬಗ್ಗುವುದಿಲ್ಲ. ವಯಸ್ಸಾಗಿ ಗಾದಿ ಸವೆದರೂ ಬೆನ್ನು ಬಿಗಿಯುತ್ತದೆ. ಬೆನ್ನಿನ ಟಿ.ಬಿ. ಆದವರಲ್ಲಿ ಮಣಿ ಕೂಡಿಕೊಂಡಿರಬಹುದು. ಮಣಿಗಳು ಬಿದಿರಿನ ಹಾಗೆ ಒಂದಾಗುವ ವಾತದ ಕಾಯಿಲೆಯೂ ಇದೆ.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೊಂದು ಕಾರಣ ಇದೆ. ಕೆಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತವೆ, ಬೆನ್ನು ಮತ್ತು ಕೀಲು ಬಿಗಿಯುತ್ತವೆ. ನಿಮ್ಮ ಊರಿನ ನೀರು ಪರೀಕ್ಷೆ ಆಗಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ.

ಬೆನ್ನು ಬಿಗಿದರೆ, ಕೂತಾಗ ಟೊಂಕದ ಎಲುಬು ಹೊರಳುವುದಿಲ್ಲ. ಬಟ್ಟಲಿನ ಬಾಯಿ ತೆರೆಯುವುದಿಲ್ಲ. ಚಪ್ಪೆಯೇ ಹೆಚ್ಚು ಮಡಿಚಬೇಕಾಗುತ್ತದೆ.

ಅಡಿಗೆ ಮನೆಯಲ್ಲಿ ಇದನ್ನು ನೋಡಬಹುದು. ಒಂದು ಬಟ್ಟಲಲ್ಲಿ ಸೌಟು ಇಡಿ. ಸೌಟಿನ ಹಿಡಿಯನ್ನು ಬಟ್ಟಲಿನ ಅಂಚಿಗೆ ತಾಗಿಸಿ ಕೆಳಗೆ ಒತ್ತಿ. ಸೌಟಿನ ತಲೆ ಮೇಲೆದ್ದು ಹೊರಗೆ ಬರುತ್ತದೆ. ಈಗ ಬಟ್ಟಲನ್ನೂ ಸೌಟಿನ ಕಡೆಗೆ ಓರೆ ಮಾಡಿ. ಹಿಡಿ ಅಂಚಿಗೆ ತಾಗುವುದಿಲ್ಲ. ತಲೆ ಒಳಗೇ ಇರುತ್ತದೆ.

ಹೊಸ ಚಪ್ಪೆಯಲ್ಲೂ ಹೀಗೇ. ಬಟ್ಟಲು ಹೊರಳದಿದ್ದರೆ ಕೀಲಿನ ಕತ್ತು ಬಟ್ಟಲಿನ ಅಂಚಿಗೆ ತಾಗುತ್ತದೆ. ಗುಂಡು ಹಿಂದಕ್ಕೆ ಜಾರಿ ಹೊರಗೆ ಬರುತ್ತದೆ. ತಗ್ಗಿನ ಮಣೆಯ ಮೇಲೆ ಕೂತು ಮುಂದಕ್ಕೆ ಬಗ್ಗಿದರೆ ಸಾಕು.

ಬೆನ್ನು ಗೂನಾದ ಕೆಲವರಿಗೆ ಉಲ್ಟಾ ಆಗುತ್ತದೆ. ಅವರ ಟೊಂಕ ನಿಂತಾಗಲೇ ಹಿಂದಕ್ಕೆ ಹೊರಳಿರುತ್ತದೆ. ಕಾಲು ಹಿಂದಕ್ಕೆ ಚಾಚಿದಾಗ ಗುಂಡು ಮುಂದಕ್ಕೆ ಜಾರಬಹುದು.

ಸಾಮಾನ್ಯವಾಗಿ ಹೊಸ ಕೀಲು ಜಾರುವುದು ನೂರು ಜನರಲ್ಲಿ ಎರಡು ಮೂರು ಜನಕ್ಕೆ ಮಾತ್ರ. ಬೆನ್ನಿನ ಮಣಿಗಳನ್ನು ಕೂಡಿಸಿದವರಲ್ಲಿ ಈ ಅಪಾಯ ಸುಮಾರು ಎರಡು ಪಟ್ಟು. ಹೆಚ್ಚು ಮಣಿ ಕೂಡಿಸಿದ್ದರೆ ಅಪಾಯ ಇನ್ನೂ ಹೆಚ್ಚು. ಆದರೂ ಹೆಚ್ಚಿನವರಿಗೆ ಜಾರುವುದಿಲ್ಲ. ಅದಕ್ಕೆ ಹೆದರಿ ಆಪರೇಷನ್ ಬಿಡಬೇಕಿಲ್ಲ. ಡಾಕ್ಟರಿಗೆ ಮೊದಲೇ ಗೊತ್ತಿರಬೇಕು, ಅಷ್ಟೇ.

ಸೊಸೆ ಏನು ಮಾಡಿದಳು?

ಸೊಸೆ ರಾತ್ರಿ ಟ್ರಂಕು ತೆಗೆದಳು. ಹಳೆಯ ಫೈಲು ಹುಡುಕಿದಳು. ಫೈಲು ಇಂಗ್ಲಿಷಿನಲ್ಲಿತ್ತು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ತಾರೀಕು ಓದಲು ಬಂತು. 4, 5 ಎಂಬ ಅಂಕಿ ಕಂಡವು. ಬೆನ್ನಿನ ಎಕ್ಸ್-ರೇ ಕೂಡ ಸಿಕ್ಕಿತು. ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಬಾಯಿ ಕೇಳಿದರು:

"ಯಮ್ಮಾ, ಮೊದಲ ಏನಾರ ಆಪರೇಷನ್ ಆಗೇತೇನು?"

ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಚೀಲದಿಂದ ಫೈಲು ತೆಗೆದಳು.

"ಆಗೇತ್ರಿ ಬಾಯಾರ. ಬೆನ್ನಿಗೆ ಆಗೇತ್ರಿ. ಕಾಗದಾ ಇಲ್ಲಿ ಅದಾವ್ರಿ. ಇದನ್ನ ಹೇಳಿದ್ರ ನೀವು ಆಪರೇಷನ್ ಮಾಡೂದಿಲ್ಲ ಅಂತಾರ್ರಿ. ಖರೇ ಏನ್ರಿ?"

ಡಾಕ್ಟರ್ ಬಾಯಿ ಫೈಲು ಓದಿದರು. ನಾಲ್ಕನೆಯ ಮತ್ತು ಐದನೆಯ ಮಣಿ ಕೂಡಿಸಿದ್ದಾರೆ ಅಂದರು.

"ಖರೇ ಅಲ್ಲವಾ. ನೀ ಹೇಳಿದ್ದು ಬಾಳ ಚಲೋ ಆತು. ಹೇಳಲಿಲ್ಲಂದ್ರ ನಾವು ಎಲ್ಲಾರಿಗೂ ಕೂಡಿಸಿದಂಗ ಬಟ್ಟಲಾ ಕೂಡಿಸ್ತಿದ್ವಿ. ಈಗ ನಿಮ್ಮತ್ತಿಗೆ ಹೊಂದೂ ಹಂಗ ಕೂಡಿಸ್ತೀವಿ."

ಡಾಕ್ಟರು ಏನು ಬದಲು ಮಾಡುತ್ತಾರೆ?

ಮೊದಲು ಮಗ್ಗಲಿನಿಂದ ಎರಡು ಎಕ್ಸ್-ರೇ ತೆಗೆಯುತ್ತಾರೆ. ಒಂದು ನಿಂತಾಗ, ಒಂದು ಕೂತಾಗ. ಎರಡನ್ನೂ ಹೋಲಿಸಿದರೆ ಬೆನ್ನು ಎಷ್ಟು ಹೊರಳುತ್ತದೆ ಎಂದು ಗೊತ್ತಾಗುತ್ತದೆ.

ಅದನ್ನು ನೋಡಿ ಬಟ್ಟಲಿನ ಓರೆಯನ್ನು ಬದಲಿಸುತ್ತಾರೆ. ಬೇಕಾದರೆ ದೊಡ್ಡ ಗುಂಡು ಹಾಕುತ್ತಾರೆ. ಗುಂಡಿನೊಳಗೆ ಗುಂಡು ತಿರುಗುವ ಒಂದು ಬಗೆಯ ಕೀಲೂ ಇದೆ. ಅದನ್ನು 1970ರ ದಶಕದಲ್ಲಿ ಫ್ರಾನ್ಸ್ ದೇಶದಲ್ಲಿ ಮಾಡಿದರು. ಅದು ಜಾರುವುದು ಕಡಿಮೆ.

ಜೋಮು ಹಿಡಿಸುವ ಡಾಕ್ಟರಿಗೂ ಬೆನ್ನಿನ ಸುದ್ದಿ ಗೊತ್ತಿರಬೇಕು. ಈ ಆಪರೇಷನ್ನಿಗೆ ಹೆಚ್ಚಾಗಿ ಬೆನ್ನಿಗೆ ಸೂಜಿ ಹಾಕುತ್ತಾರೆ. ಸ್ಕ್ರೂ ಇದ್ದರೆ, ಬೆನ್ನು ಸೊಟ್ಟಗಿದ್ದರೆ ಸೂಜಿ ಹಾಕುವುದು ಕಷ್ಟ. ಆಗ ಬೇರೆ ದಾರಿ ನೋಡುತ್ತಾರೆ.

ಎರಡೂ ಕೆಟ್ಟಿದ್ದರೆ ಮೊದಲು ಯಾವುದು? ಕಾಲಿನ ಶಕ್ತಿ ಕುಂದುತ್ತಿದ್ದರೆ ಬೆನ್ನನ್ನು ಮೊದಲು ನೋಡಬೇಕು. ಹಾಗೇನೂ ಇಲ್ಲದಿದ್ದರೆ ಅನೇಕ ಸಲ ಚಪ್ಪೆಯನ್ನು ಮೊದಲು ಮಾಡುತ್ತಾರೆ. ಚಪ್ಪೆ ಸರಿಯಾದರೆ ಕೆಲವರಿಗೆ ಬೆನ್ನಿನ ನೋವೂ ಇಳಿಯುತ್ತದೆ. ಇದನ್ನು ಡಾಕ್ಟರೇ ನೋಡಿ ಹೇಳಬೇಕು.

ಇನ್ನೊಂದು ಮಾತು. ಬೆನ್ನು ಸೊಟ್ಟಗಿದ್ದವರಿಗೆ ಆಪರೇಷನ್ ಆದ ಮೇಲೆ "ಒಂದು ಕಾಲು ಉದ್ದ ಆಗೇತಿ" ಅನಿಸಬಹುದು. ಅಳತೆ ಸರಿಯಿದ್ದರೂ ಹಾಗೆ ಅನಿಸುತ್ತದೆ. ಟೊಂಕವೇ ಓರೆ ಇರುವುದರಿಂದ ಹೀಗಾಗುತ್ತದೆ. ಇದನ್ನು ಮೊದಲೇ ಕೇಳಿ ತಿಳಿದರೆ ಆಮೇಲೆ ಗಾಬರಿ ಇಲ್ಲ.

ಡಾಕ್ಟರಿಗೆ ಹೇಳಬೇಕಾದ ಮಾತುಗಳು

1. ಬೆನ್ನಿಗೆ ಯಾವಾಗ ಆಪರೇಷನ್ ಆಗಿದೆ. ಕಾಗದ, ಎಕ್ಸ್-ರೇ ತೋರಿಸಿ.
2. ನೋವು ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ಇಳಿಯುತ್ತದೆ.
3. ಕಾಲಿಗೆ ಜೋಮು ಇದೆಯೇ, ಶಕ್ತಿ ಕಡಿಮೆ ಆಗಿದೆಯೇ.
4. ಹಿಂದೆ ಟಿ.ಬಿ. ಆಗಿತ್ತೇ.
5. ಸಕ್ಕರೆ ಕಾಯಿಲೆ, ಬಿ.ಪಿ. ಇದೆಯೇ.
6. ಯಾವ ಯಾವ ಗುಳಿಗೆ, ಪುಡಿ, ಸೂಜಿ ತೆಗೆದುಕೊಂಡಿದ್ದೀರಿ. ಡಾಕ್ಟರಿಗೆ ಕೇಳದೆ ಬಹಳ ದಿನ ಸ್ಟೀರಾಯ್ಡ್ ಗುಳಿಗೆ ನುಂಗಿದರೆ ಚಪ್ಪೆಯ ಗುಂಡು ಒಣಗಿ ಕುಸಿಯಬಹುದು.
7. ಮನೆಯಲ್ಲಿ ಎಲ್ಲಿ ಕೂರುತ್ತೀರಿ, ಎಂಥ ಸಂಡಾಸ ಇದೆ, ಏನು ಕೆಲಸ ಮಾಡುತ್ತೀರಿ.

ಏಳನೆಯ ಮಾತು ಸಣ್ಣದಲ್ಲ. ನಾವು ನೆಲದ ಮೇಲೆ ಕೂತು ಬಾಳುವವರು. ಅದನ್ನು ನಾವೇ ಹೇಳಬೇಕು.

ಮನೆಗೆ ಬಂದ ಮೇಲೆ

ಅತ್ತೆಗೆ ಆಪರೇಷನ್ ಆಯಿತು. ಮರುದಿನವೇ ವಾಕರ್ ಹಿಡಿಸಿ ನಡೆಸಿದರು. ಮನೆಗೆ ಕಳಿಸುವಾಗ ಡಾಕ್ಟರ್ ಬಾಯಿ ಸೊಸೆಗೆ ಇಷ್ಟು ಹೇಳಿದರು:

ನೆಲದ ಮೇಲೆ ಕೂರಬಾರದು. ಚಕ್ಕಳಮಕ್ಕಳ ಬೇಡ. ಕುಕ್ಕರಗಾಲು ಬೇಡ. ತಗ್ಗಿನ ಮಣೆ ಬೇಡ. ಎತ್ತರದ ಕುರ್ಚಿ ಬೇಕು. ಕೂತಾಗ ಮೊಣಕಾಲು ಟೊಂಕಕ್ಕಿಂತ ಮೇಲೆ ಬರಬಾರದು. ಸಂಡಾಸಕ್ಕೆ ಕಮೋಡ್ ಅಥವಾ ನಡುವೆ ತೂತಿರುವ ಕುರ್ಚಿ ಬೇಕು. ಮಲಗಿದಾಗ ಎರಡು ಕಾಲಿನ ನಡುವೆ ದಿಂಬು ಇಡಬೇಕು. ಕಾಲ ಮೇಲೆ ಕಾಲು ಹಾಕಬಾರದು. ಬಿದ್ದ ವಸ್ತುವನ್ನು ಬಗ್ಗಿ ಎತ್ತಬಾರದು.

ಸಾಮಾನ್ಯವಾಗಿ ಮೊದಲ ಆರರಿಂದ ಹನ್ನೆರಡು ವಾರ ಬಹಳ ಜೋಪಾನ ಬೇಕು. ಬೆನ್ನು ಬಿಗಿಯಾದವರಿಗೆ ಹೆಚ್ಚು ದಿನ ಬೇಕಾಗಬಹುದು. ಕೆಲವು ಮಾತನ್ನು ಜೀವನ ಪೂರ್ತಿ ಪಾಲಿಸಬೇಕಾಗಬಹುದು. ಎಷ್ಟು ದಿನ ಎಂದು ನಿಮ್ಮ ಡಾಕ್ಟರನ್ನೇ ಕೇಳಿ.

ಅತ್ತೆಗೆ ದುಃಖ ಆಯಿತು. "ನೆಲಕ್ಕ ಕುಂಡ್ರಬಾರದಂದ್ರ ರೊಟ್ಟಿ ಹೆಂಗ ಬಡೀಲಿ? ಕಂಡಕಿ ಹೆಂಗ ಸುತ್ತಲಿ? ಸುಮ್ಮ ಕೂತು ಉಣ್ಣಾಕಿ ಆದ್ನೆಲ್ಲಾ."

ಸೊಸೆ ಗಂಡನ ಕೂಡ ಮಾತಾಡಿದಳು. ಒಲೆಯನ್ನು ಕಟ್ಟೆಯ ಮೇಲೆ ಇಟ್ಟರು. ಕಂಡಿಕೆಯ ರಾಟಿಗೆ ಒಂದು ಟೇಬಲ್ ಮಾಡಿಸಿದರು. ಎರಡು ತಿಂಗಳ ಮೇಲೆ ಡಾಕ್ಟರು ಒಪ್ಪಿದರು. ಅತ್ತೆ ಕುರ್ಚಿಯಲ್ಲಿ ಕೂತು ದಿನಕ್ಕೆ ಸ್ವಲ್ಪ ಹೊತ್ತು ಕಂಡಿಕೆ ಸುತ್ತಿದಳು. ಕುಣಿ ಮಗ್ಗಕ್ಕೆ ಇಳಿಯುವುದು ಮಾತ್ರ ಬೇಡ ಅಂದರು. ಕುಣಿಗೆ ಇಳಿಯುವಾಗ, ಏಳುವಾಗ ಚಪ್ಪೆ ಬಹಳ ಮಡಿಚುತ್ತದೆ. ಹೊಲದ ಕೆಲಸವೂ ಬೇಡ. ಕಬ್ಬಿನ ಹೊರೆಯಂತೂ ಬೇಡವೇ ಬೇಡ.

ಕೂಡಲೇ ಆಸ್ಪತ್ರೆಗೆ ಹೋಗಿ

ಒಮ್ಮೆಲೇ ಚಪ್ಪೆಯಲ್ಲಿ ಜೋರು ನೋವು, ಕಾಲು ಗಿಡ್ಡ ಆಗಿ ಒಳಗೋ ಹೊರಗೋ ತಿರುಗಿದರೆ, ಕಾಲು ಊರಲು ಆಗದಿದ್ದರೆ ಕೀಲು ಜಾರಿರಬಹುದು. ಕಾಲು ಎಳೆಯಬೇಡಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ನಾಟಿ ಕಟ್ಟಿಸಬೇಡಿ. ಅಲುಗಾಡಿಸದೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ, ಮೀನಖಂಡ ಬಾತು ನೋಯ್ದರೆ, ಉಸಿರು ಹತ್ತಿದರೆ ತಡ ಮಾಡಬೇಡಿ.

ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಹೋದರೆ, ಒಳತೊಡೆಯ ಸುತ್ತ ಜೋಮು ಹಿಡಿದರೆ ಅದು ಬೆನ್ನಿನ ನರಕ್ಕೆ ಬಂದ ಕುತ್ತು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ದುಡ್ಡಿನ ಮಾತು

ಈ ಆಪರೇಷನ್ನಿಗೆ ಬಹಳ ಖರ್ಚು. ಸಾಲ ಮಾಡುವ ಮೊದಲು ಕೇಳಿ ನೋಡಿ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇದೆ. ರೇಷನ್ ಕಾರ್ಡು ಮತ್ತು ಆಧಾರ್ ಕಾರ್ಡು ಒಯ್ಯಿರಿ. ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. "ಈ ಆಪರೇಷನ್ ಯೋಜನೆಯಲ್ಲಿ ಬರುತ್ತದೆಯೇ? ಯಾವ ಆಸ್ಪತ್ರೆಗೆ ಹೋಗಬೇಕು?" ಎಂದು ಆರೋಗ್ಯ ಮಿತ್ರರನ್ನು ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ.

ಕಡೆಯ ಮಾತು

ಅತ್ತೆಯ ಬೆನ್ನು ಪೂರಾ ಆರಾಮ ಆಗಿಲ್ಲ. ಬಹಳ ಹೊತ್ತು ನಿಂತರೆ ಈಗಲೂ ಹಿಡಿಯುತ್ತದೆ. ಆದರೆ ರಾತ್ರಿ ನಿದ್ದೆ ಬರುತ್ತದೆ. ಕೋಲು ಹಿಡಿದು ಗುಡಿಯ ತನಕ ಹೋಗಿ ಬರುತ್ತಾಳೆ. ಕೀಲು ಇದುವರೆಗೂ ಜಾರಿಲ್ಲ.

ಬಾಜೂ ಮನೆಯಾಕೆ ಮೊನ್ನೆ ಮತ್ತೆ ಬಂದಿದ್ದಳು. ತನಗೂ ತೊಡೆಯ ಸಂದಿಯಲ್ಲಿ ನೋವು ಅಂದಳು. ಅತ್ತೆ ಅವಳಿಗೆ ಕುರ್ಚಿ ಕೊಟ್ಟಳು.

"ಹಳೇ ಕಾಗದಾ ಎಲ್ಲಾ ತಗದಿಡವಾ ಮೊದಲ," ಅಂದಳು. "ಡಾಕ್ಟರ ಮುಂದ ಒಂದೂ ಮುಚ್ಚಿಡಬ್ಯಾಡ."

ಕೂಡಿ ಮಾತಾಡೋಣ

1. ಟೊಂಕ ಅನ್ನುವ ಮಾತಿನಲ್ಲಿ ಯಾವ ಎರಡು ಜಾಗ ಸೇರಿವೆ?
2. ಕೂತಾಗ ಟೊಂಕದ ಎಲುಬು ಯಾವ ಕಡೆಗೆ ಹೊರಳುತ್ತದೆ?
3. ಬೆನ್ನಿನ ಆಪರೇಷನ್ ಸುದ್ದಿಯನ್ನು ಸೊಸೆ ಮುಚ್ಚಿಟ್ಟಿದ್ದರೆ ಏನಾಗಬಹುದಿತ್ತು?
4. ನಿಮ್ಮ ಮನೆಯ ಹಿರಿಯರ ಆಸ್ಪತ್ರೆ ಕಾಗದ ಎಲ್ಲಿವೆ? ಇವತ್ತೇ ಹುಡುಕಿ ಒಂದು ಚೀಲದಲ್ಲಿಡಿ. ಚೀಲದ ಮೇಲೆ ಅವರ ಹೆಸರು ಬರೆಯಿರಿ.